ಗೋಲದ ಲೆಕ್ಕ: ಮಾನ್ಯಖೇಟದಿಂದ ಆಂಧ್ರಕ್ಕೆ

ಮಂಗಳಗಿರಿಯಲ್ಲಿ ಕನ್ನಡದ ನಂಟನ್ನು ಹುಡುಕುವವರು ಸಾಮಾನ್ಯವಾಗಿ ಕೃಷ್ಣದೇವರಾಯನ ಹೆಸರೆತ್ತುತ್ತಾರೆ. 1515ರಲ್ಲಿ ಕೊಂಡವೀಡು ಗೆದ್ದ ಸಂಗತಿ ಇಲ್ಲಿಯ ಶಾಸನದಲ್ಲಿದೆ, ಸರಿಯೇ. ಆದರೆ ಅದಕ್ಕೆ ನಾಲ್ಕು ಶತಮಾನ ಮೊದಲೇ ನಮ್ಮ ನಾಡಿನಿಂದ ಆಂಧ್ರಕ್ಕೆ ಒಂದು ಗಣಿತದ ಪುಸ್ತಕ ಬಂದಿತ್ತು. ಇಂಟರ್ ಎರಡನೆಯ ವರ್ಷದ ನಮ್ಮ ಮಕ್ಕಳು ಅನುಕಲನದ, ಅಂದರೆ ಇಂಟಿಗ್ರೇಷನ್ನಿನ, ಸೂತ್ರಗಳನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಸೂತ್ರ ಎಲ್ಲಿಂದ ಬಂತೆಂದು ಕೇಳಿದರೆ 'ಪಟ್ಟಿಯಲ್ಲಿದೆ' ಎನ್ನುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಪಟ್ಟಿಯೂ ಮರೆತುಹೋಗುತ್ತದೆ. ಆದ್ದರಿಂದಲೇ ಈ ಕಥೆ ಹೇಳಬೇಕೆನಿಸಿತು.

ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಗೋಲದ ಗಾತ್ರಕ್ಕೆ ಅದರಲ್ಲಿ ಎರಡು ಸೂತ್ರಗಳಿವೆ. ತ್ರಿಜ್ಯದ ಘನವನ್ನು ನಾಲ್ಕೂವರೆಯಿಂದ ಗುಣಿಸಿದರೆ ಸ್ಥೂಲ ಉತ್ತರ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮ ಉತ್ತರ. ಅಂದರೆ ಗುಣಕ 4.5 ಅಥವಾ 4.05. ನಿಜವಾದದ್ದು ಸುಮಾರು 4.19. ಸೂಕ್ಷ್ಮವೆಂದದ್ದೂ ನೂರಕ್ಕೆ ಮೂರರಷ್ಟು ಕಡಿಮೆ! ಮಹಾವೀರನೂ ಪಟ್ಟಿ ಕೊಟ್ಟನೇ ಹೊರತು ಕಾರಣ ಹೇಳಲಿಲ್ಲ. (ಮೂಲ ನೋಡಬಯಸುವವರಿಗೆ 2000ರಲ್ಲಿ ಹೊಂಬುಜದಿಂದ ಪ್ರಕಟವಾದ ಕನ್ನಡ ಅನುವಾದವುಂಟು.)

ಈ ಗ್ರಂಥವನ್ನು ತೆಲುಗು ಪದ್ಯಕ್ಕೆ ತಂದವನು ಪಾವುಲೂರಿ ಮಲ್ಲನ. ಅವನು 11ನೆಯ ಶತಮಾನದಲ್ಲಿ, ರಾಜಮಹೇಂದ್ರವರದ ರಾಜರಾಜ ನರೇಂದ್ರನ ಕಾಲದಲ್ಲಿದ್ದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೂಲದ ಜೈನ ಉದಾಹರಣೆಗಳ ಜಾಗಕ್ಕೆ ಅವನು ಶಿವನನ್ನು ತಂದ. ಲೆಕ್ಕ ಮಾತ್ರ ಹಾಗೇ ಉಳಿಯಿತು. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಬಂದದ್ದು 12ನೆಯ ಶತಮಾನದಲ್ಲಿ. ಈ ವಿಷಯದಲ್ಲಿ ನೆರೆಯವರೇ ನಮಗಿಂತ ಮುಂದು, ಒಪ್ಪಿಕೊಳ್ಳೋಣ.

ಗೋಲದ ಸರಿಯಾದ ಲೆಕ್ಕವನ್ನು ಗ್ರೀಸಿನ ಆರ್ಕಿಮಿಡೀಸ್ ಕ್ರಿಸ್ತಪೂರ್ವದಲ್ಲೇ ಸಾಧಿಸಿದ್ದ. ನಮ್ಮಲ್ಲಿ ಅದನ್ನು ಕಾರಣಸಹಿತ ಬಿಡಿಸಿ ತೋರಿಸಿದವನು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ. ಅವನ ಊರು ನಮ್ಮ ವಿಜಯಪುರವೇ ಹೌದೋ ಅಲ್ಲವೋ ಎಂಬ ಜಗಳ ಇನ್ನೊಂದು ಸಂಚಿಕೆಗಿರಲಿ. ನೆಲ್ಲಿಕಾಯಿಯ ಗೆರೆಗಳಂತೆ ಅವನು ಗೋಲದ ಮೇಲ್ಮೈಯನ್ನು 96 ಪಟ್ಟಿಗಳಾಗಿ ಸೀಳಿದ. ಒಂದು ಪಟ್ಟಿಯನ್ನು ಮತ್ತೆ ತುಂಡು ಮಾಡಿ, ತುಂಡುಗಳ ಅಳತೆಯನ್ನು ಜ್ಯಾಗಳ ಕೋಷ್ಟಕದಿಂದ ತೆಗೆದು ಕೂಡಿದ. ಆಮೇಲೆ ಮೇಲ್ಮೈಯಿಂದ ಕೇಂದ್ರದವರೆಗೆ ಸೂಜಿಯಂತೆ ಚೂಪಾದ ಆಕೃತಿಗಳನ್ನು ಕಲ್ಪಿಸಿಕೊಂಡ. ಪ್ರತಿಯೊಂದರ ಗಾತ್ರ, ತಳವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಿದಷ್ಟು. ಎಲ್ಲವನ್ನೂ ಕೂಡಿದರೆ ಗೋಲದ ಗಾತ್ರ ಸಿಕ್ಕಿತು.

ಈ 'ಮೂರು' ಎಲ್ಲಿಯದು? ಮಕ್ಕಳ ಪಟ್ಟಿಯ ಮೊದಲ ಸೂತ್ರದ್ದೇ: ಘಾತಕ್ಕೆ ಒಂದು ಕೂಡಿಸು, ಬಂದದ್ದರಿಂದ ಭಾಗಿಸು. ವರ್ಗದ ಅನುಕಲನ ಘನದ ಮೂರನೆಯ ಒಂದು ಪಾಲು. ಕೇರಳದ ಜ್ಯೇಷ್ಠದೇವನು ಸುಮಾರು 1530ರಲ್ಲಿ 'ಯುಕ್ತಿಭಾಷಾ' ಎಂಬ ಮಲಯಾಳ ಗದ್ಯಗ್ರಂಥದಲ್ಲಿ ಇದರ ಕಾರಣವನ್ನು ವಿವರಿಸಿದ್ದಾನೆ. ಲೈಬ್ನಿಟ್ಸ್ ಅನುಕಲನಕ್ಕೆ ಆ ಉದ್ದನೆಯ ಚಿಹ್ನೆಯನ್ನು ಬರೆದದ್ದು 1675ರಲ್ಲಿ. ಅದೂ 'ಮೊತ್ತ' ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರವೇ.

ಭಾನುವಾರ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು 1ರಿಂದ 10ರವರೆಗಿನ ವರ್ಗಗಳನ್ನು ಕೂಡಿಸಿ: 385. ಹತ್ತರ ಘನದ ಮೂರನೆಯ ಒಂದು ಪಾಲು 333. ವ್ಯತ್ಯಾಸ ನೂರಕ್ಕೆ ಹದಿನೈದಕ್ಕೂ ಹೆಚ್ಚು. 100ರವರೆಗೆ ಹೋದರೆ ಕೂಡಿಕೆ 3,38,350, ಸೂತ್ರದ್ದು 3,33,333. ಈಗ ವ್ಯತ್ಯಾಸ ನೂರಕ್ಕೆ ಒಂದೂವರೆ. ತುಂಡುಗಳು ಹೆಚ್ಚಿದಂತೆ ಅದು ಇನ್ನೂ ಸವೆಯುತ್ತದೆ.