ದೀಪಧಾರಿಣಿಯ ಮುಚ್ಚಿದ ಬಾಗಿಲು

ಫ್ಲಾರೆನ್ಸ್ ನೈಟಿಂಗೇಲ್ ಎಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಶಾಲೆಯ ಪಠ್ಯಪುಸ್ತಕದ ಚಿತ್ರ: ಗಾಯಗೊಂಡ ಸೈನಿಕರ ಮಂಚಗಳ ನಡುವೆ, ನಡುರಾತ್ರಿಯಲ್ಲಿ, ದೀಪ ಹಿಡಿದು ನಡೆಯುತ್ತಿರುವ ಕರುಣಾಮಯಿ. ಚಿತ್ರವೇನೂ ಸುಳ್ಳಲ್ಲ. ಆದರೆ ಆಕೆ ಆ ದೀಪವನ್ನು ಹಿಡಿದಿದ್ದುದು ಎರಡು ವರ್ಷಕ್ಕೂ ಕಡಮೆ ಅವಧಿ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದವಳು 1856ರ ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದಳು. ಆಗ ಆಕೆಗೆ 36 ವರ್ಷ. ಮುಂದೆ ಇನ್ನೂ 54 ವರ್ಷ ಬದುಕಿ 1910ರಲ್ಲಿ ತೀರಿಕೊಂಡಳು. ಆ ಅವಧಿಯ ಬಹುಭಾಗವನ್ನು ಕಳೆದದ್ದು ತನ್ನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಪಠ್ಯಪುಸ್ತಕ ಹೇಳದ ಆ ಕೋಣೆಯ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸನ್ಮಾನ ಮೆರವಣಿಗೆಗಳಿಂದ ತಪ್ಪಿಸಿಕೊಳ್ಳಲು ಆಕೆ 'ಮಿಸ್ ಸ್ಮಿತ್' ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ ಊರು ಸೇರಿದಳು. ಸೇರಿದವಳು ವಿಶ್ರಮಿಸಲಿಲ್ಲ. ಸ್ಕುಟಾರಿಯಲ್ಲಿ ಸತ್ತವರಲ್ಲಿ ಬಹುಮಂದಿ ಗಾಯಗಳಿಂದಲ್ಲ, ಕೊಳಕಿನಿಂದ, ರೋಗದಿಂದ ಸತ್ತಿದ್ದರು. ಅದನ್ನು ಸರ್ಕಾರದ ಮುಂದೆ ಅಂಕಿಅಂಶಗಳಿಂದ ಸಾಧಿಸಬೇಕಾಗಿತ್ತು. ಸೈನ್ಯದ ಆರೋಗ್ಯವನ್ನು ಕುರಿತ ಆಯೋಗ 1857ರಲ್ಲಿ ನೇಮಕವಾಯಿತು. ಸ್ತ್ರೀಯಾದ್ದರಿಂದ ಆಕೆ ಅದರ ಸದಸ್ಯಳಲ್ಲ, ಕೆಲಸವೆಲ್ಲ ಆಕೆಯದೇ. ಅದೇ ವರ್ಷದ ಆಗಸ್ಟಿನಲ್ಲಿ ದೇಹ ಕೈಕೊಟ್ಟಿತು. ಎದೆಬಡಿತ, ಉಸಿರಾಟದ ತೊಂದರೆ, ಊಟದ ವಾಸನೆಯೂ ಬೇಡವೆನಿಸುವಂಥ ಬಳಲಿಕೆ. ಜಲಚಿಕಿತ್ಸೆಗೆಂದು ಮಾಲ್ವರ್ನ್ ಊರಿಗೆ ಹೋದಳು. 37ನೆಯ ವಯಸ್ಸಿನಲ್ಲಿ, ಇನ್ನು ಬದುಕುವುದಿಲ್ಲವೆಂದೇ ಎಲ್ಲರೂ ತಿಳಿದರು.

ಏನಾಗಿತ್ತು ಆಕೆಗೆ? ಲಿಟನ್ ಸ್ಟ್ರೇಚಿ 1918ರಲ್ಲಿ ಬರೆದ ಪ್ರಸಿದ್ಧ ರೇಖಾಚಿತ್ರವನ್ನು ಓದಿದವರಿಗೆ ಈ ಕಾಯಿಲೆಯ ಬಗ್ಗೆ ಒಂದು ಕುಹಕದ ನಗೆ ಉಳಿಯುತ್ತದೆ. 1995ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೇರೆ ವಾದ ಬಂತು: ಕ್ರಿಮಿಯಾದಲ್ಲಿ 1855ರಲ್ಲಿ ಆಕೆಗೆ ಬಂದ ಜ್ವರ ಬ್ರೂಸೆಲೋಸಿಸ್ ಆಗಿರಬೇಕು, ಹಸಿ ಹಾಲಿನಿಂದಲೂ ಹರಡುವ ಆ ರೋಗ ದೀರ್ಘಕಾಲ ಕಾಡಬಲ್ಲದು ಎಂದು. ಈ ವಾದ ನನಗೆ ಒಪ್ಪಿಗೆ. ಆದರೆ ರೋಗಾಣುವೊಂದನ್ನೇ ಹೊಣೆ ಮಾಡುವುದೂ ಸಲ್ಲದು. 1974ರಲ್ಲಿ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತ ಬರಿದಾಗಿಹೋಗುತ್ತಿದ್ದವರನ್ನು ಕಂಡು ಆ ಸ್ಥಿತಿಗೆ 'ಬರ್ನ್‌ಔಟ್' ಎಂಬ ಹೆಸರನ್ನು ಬಳಸಿದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗವೆಂದಲ್ಲದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಹಳೆಯ ಕಾವ್ಯಗಳಲ್ಲಿ 'ಬಸವಳಿ' ಎಂಬ ಮಾತುಂಟು. ಬಲಗುಂದಿ, ಕಂಗೆಟ್ಟು ಕುಸಿಯುವುದು ಎಂದು ಅರ್ಥ. ಹೊಸ ಪದವನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲವೆಂದು ನನ್ನ ಭಾವನೆ.

ಇಲ್ಲಿ ಐದು ವರ್ಷ ಹಿಂದಕ್ಕೆ ಹೋಗಬೇಕು. ಯುದ್ಧಕ್ಕೆ ಮೊದಲು, 1852ರಲ್ಲಿ, ಆಕೆ 'ಕಸಾಂಡ್ರಾ' ಎಂಬ ಪ್ರಬಂಧವನ್ನು ಬರೆದಿದ್ದಳು. ಕೆಲವೇ ಪ್ರತಿಗಳು 1860ರಲ್ಲಿ ಖಾಸಗಿಯಾಗಿ ಅಚ್ಚಾದವು. ಓದುಗರ ಕೈಗೆ ಬಂದದ್ದು 1928ರಲ್ಲಿ. ಅದರ ದೂರು ಒಂದೇ: ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲ, ಯಾರು ಯಾವಾಗ ಬೇಕಾದರೂ ಬಂದು ಅದನ್ನು ಕಡಿಯಬಹುದು. ಗಂಡಸು ಓದುತ್ತಿದ್ದರೆ ಮನೆಯವರು ಹೆಜ್ಜೆಯ ಸದ್ದನ್ನು ಕೂಡ ಅಡಗಿಸುತ್ತಾರೆ. ಮಗಳು ಓದುತ್ತಿದ್ದರೆ ಅವಳು ಬಿಡುವಾಗಿದ್ದಾಳೆಂದೇ ಎಣಿಕೆ. ವರ್ಜೀನಿಯಾ ವುಲ್ಫ್ ಮರುವರ್ಷವೇ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ದೂರನ್ನು ನೆನೆದಳು.

ಈಗ ಕಾಯಿಲೆಯನ್ನು ಈ ಬೆಳಕಿನಲ್ಲಿ ನೋಡಿ. ಆರೋಗ್ಯವಂತಳಾದ ಮಗಳಿಗೆ ದೊರೆಯದಿದ್ದ ಮುಚ್ಚಿದ ಬಾಗಿಲು ರೋಗಿಗೆ ದೊರೆಯಿತು. ತಾಯಿಗೂ ಅಕ್ಕನಿಗೂ ಬರಬೇಡಿರೆಂದು ಹೇಳಿಕಳಿಸಬಹುದಾಯಿತು. ಬರುವವರು ಮೊದಲೇ ಕೇಳಿ ಬರಬೇಕು, ಒಬ್ಬೊಬ್ಬರಾಗಿ ಬರಬೇಕು. ಕೆಳಗಿನ ಅಂತಸ್ತಿನಲ್ಲಿ ಕುಳಿತವರಿಗೂ ಚೀಟಿಯ ಮೂಲಕವೇ ಉತ್ತರ. ಇದು ನಾಟಕವಲ್ಲ; ನೋವು ನಿಜವಾಗಿತ್ತು. ಇದ್ದ ಒಂದು ಹಿಡಿ ಶಕ್ತಿಯನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬುದನ್ನು ಮಾತ್ರ ಆಕೆ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. 1859ರ ಕೊನೆಯಲ್ಲಿ ಹೊರಬಂದ ಶುಶ್ರೂಷೆಯ ಕೈಪಿಡಿಯಲ್ಲಿ ಅನಗತ್ಯ ಸದ್ದಿಗೆ ಒಂದು ಅಧ್ಯಾಯ. ರೋಗಿಯ ಬಳಿ ಕುಳಿತು ಪುಕ್ಕಟೆ ಭರವಸೆ, ಪುಕ್ಕಟೆ ಸಲಹೆ ನೀಡುವವರಿಗೆ ಮತ್ತೊಂದು. ಬರೆದವಳು ಯಾರೆಂದು ಊಹಿಸುವುದು ಕಷ್ಟವಲ್ಲ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ಆಯೋಗಕ್ಕಾಗಿ ದಂಡಿನ ಪ್ರದೇಶಗಳಿಗೆಲ್ಲ ಪ್ರಶ್ನಾವಳಿಗಳು ಹೋದವು, ನಮ್ಮ ಬೆಂಗಳೂರಿನ ದಂಡಿಗೂ. ಬಂದ ಉತ್ತರಗಳ ರಾಶಿಯನ್ನು ಆಕೆ ಶೋಧಿಸಿದ್ದು 1862ರಲ್ಲಿ, ಹಾಸಿಗೆಯಿಂದ ಏಳಲಾಗದಿದ್ದ ದಿನಗಳಲ್ಲಿ. ಇಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಬ್ರಿಟಿಷ್ ಸೈನಿಕರು ಸಾಯುತ್ತಿದ್ದಾರೆಂದು 1863ರ ವರದಿ ಸಾರಿತು. ಆಕೆ ಭಾರತವನ್ನು ಕಣ್ಣಾರೆ ಕಂಡವಳೇ ಅಲ್ಲ.

ಆದರೆ ಬಾಗಿಲಿನ ಹೊರಗಿದ್ದವರ ಮಾತನ್ನೂ ಹೇಳಬೇಕು. 1857ರಲ್ಲಿ ಆರೈಕೆಗೆ ಬಂದವಳು ಸೋದರತ್ತೆ ಮೇರಿ. ಮನೆಮಂದಿ ಪ್ರೀತಿಯಿಂದ ಮೇ ಅತ್ತೆ ಎನ್ನುತ್ತಿದ್ದರು. ಗಂಡ, ಮಕ್ಕಳು, ಸಂಸಾರ ಎಲ್ಲವನ್ನೂ ಬಿಟ್ಟು ಬಂದು, ಬಾಗಿಲು ಕಾದು, ಪತ್ರ ಬರೆದು, 1860ರಲ್ಲಿ ಮನೆಗೆ ಮರಳಿದಳು. ನೈಟಿಂಗೇಲ್ ಅದನ್ನು ದ್ರೋಹವೆಂದೇ ಬಗೆದು ಬಹುಕಾಲ ಮುನಿಸಿಕೊಂಡಳು. ಅತ್ತೆಗೂ ಆಗ ಅರುವತ್ತು ದಾಟಿತ್ತು. ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲವೆಂದು ದೂರಿದ ಲೇಖನಿಗೆ ಈ ಹೆಂಗಸಿನ ಹೊತ್ತು ಏಕೆ ಕಾಣಿಸಲಿಲ್ಲ? ಯುದ್ಧಮಂತ್ರಿ ಸಿಡ್ನಿ ಹರ್ಬರ್ಟ್ ಮೂತ್ರಪಿಂಡದ ರೋಗದಿಂದ ಕೃಶನಾಗುತ್ತಿದ್ದಾಗಲೂ ಮಂತ್ರಿಪದವಿಯನ್ನು ಬಿಡಗೊಡದೆ ಒತ್ತಾಯಿಸಿದಳು; 1861ರ ಆಗಸ್ಟಿನಲ್ಲಿ, 50ನೆಯ ವಯಸ್ಸಿನಲ್ಲಿ, ಆತ ಸತ್ತ. ಸರ್ಕಾರಿ ಕಚೇರಿಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಆಕೆಗಾಗಿ ಸಂಬಳವಿಲ್ಲದೆ ಕರಡಚ್ಚು ತಿದ್ದುತ್ತಿದ್ದವನು ಕವಿ ಆರ್ಥರ್ ಹ್ಯೂ ಕ್ಲಫ್, ಮೇ ಅತ್ತೆಯ ಅಳಿಯ. ಅದೇ ನವೆಂಬರಿನಲ್ಲಿ ಅವನೂ ತೀರಿಕೊಂಡ; ವಯಸ್ಸು 42. ಅವರ ಸಾವಿಗೆ ಆಕೆಯೇ ಕಾರಣವೆಂದು ಹೇಳಲಾರೆ. ಆದರೆ ಬಸವಳಿದವಳು ಹೊರೆಯನ್ನು ಇಳಿಸಿದಾಗ ಅದು ನೆಲಕ್ಕೆ ಬೀಳಲಿಲ್ಲ, ಹತ್ತಿರದವರ ಹೆಗಲಿಗೆ ಬಿತ್ತು. ಅದೇ ಡಿಸೆಂಬರಿನಲ್ಲಿ ಆಕೆಯ ಕಾಯಿಲೆ ಮತ್ತೆ ಉಲ್ಬಣಿಸಿತು. ಮುಂದೆ ಕೆಲವು ವರ್ಷ ನಡೆಯಲೂ ಆಗಲಿಲ್ಲ.

ತಂದೆ 1874ರಲ್ಲಿ ತೀರಿಕೊಂಡ ಮೇಲೆ, ದೃಷ್ಟಿಗುಂದಿ ಮರೆವಿಗೆ ಸಂದ ವೃದ್ಧ ತಾಯಿಯ ಪೋಷಣೆ ಈ ಮಗಳ ಪಾಲಿಗೂ ಬಂತು. ಐವತ್ತರ ವಯಸ್ಸಿನಲ್ಲಿ, ಅಷ್ಟು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನು ತೆರೆದು ತಾಯಿಯ ಬಳಿ ಇದ್ದಳು, ಗೊಣಗುತ್ತಲೇ. 1880ರಲ್ಲಿ ತಾಯಿ ಹೋದಳು. ಮುಂದಿನ ವರ್ಷಗಳಲ್ಲಿ ನೋವು ಇಳಿಮುಖವಾಯಿತು, ಮೈ ತುಂಬಿಕೊಂಡಿತು, ಮಾತು ಮೆತ್ತಗಾಯಿತು. ಸೌತ್ ಸ್ಟ್ರೀಟಿನ ಮನೆಗೆ ತನ್ನ ಶಾಲೆಯ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಚಹಕ್ಕೆ ಕರೆದು, ಹೊರಡುವಾಗ ಕೇಕು ಕಟ್ಟಿಕೊಡುತ್ತಿದ್ದಳು. ಅವರಲ್ಲಿ ಯಾರಾದರೂ ದಣಿದಿದ್ದಾರೆಂದು ತಿಳಿದರೆ, ಅವರ ವಿಶ್ರಾಂತಿಗೆ ತಾನೇ ಏರ್ಪಾಡು ಮಾಡುತ್ತಿದ್ದಳು.