ನಡೆಯದೇ ಊರು ಸೇರಿದ ಕುದುರೆ: ಮುಚ್ಚಿದ ಟ್ರೇಲರ್ ಎಳೆಯೋರಿಗೆ 1836ರ ಪಾಠ

ಇವತ್ತು ಒಂದು ರೇಸ್ ಕುದುರೆಯ ಕಥೆ ಹೇಳ್ತೀನಿ. ಅದು ಓಡಿದ್ದಕ್ಕಿಂತ ರೇಸಿಗೆ ಹೋಗಿ ಸೇರಿದ ರೀತಿಯೇ ಸ್ವಾರಸ್ಯ.

1836, ಇಂಗ್ಲೆಂಡ್. ಉತ್ತರದ ಡಾನ್‌ಕಾಸ್ಟರ್‌ನಲ್ಲಿ ಸೇಂಟ್ ಲೆಜರ್ ಅನ್ನೋ ದೊಡ್ಡ ರೇಸ್. ಅದಕ್ಕೆ ಹೋಗಬೇಕಿದ್ದ ಎಲಿಸ್ ಅನ್ನೋ ಮೂರು ವರ್ಷದ ಕುದುರೆ ಇದ್ದದ್ದು ದಕ್ಷಿಣದ ಗುಡ್‌ವುಡ್‌ನಲ್ಲಿ. ನಡುವೆ ಹತ್ತಿರ ಹತ್ತಿರ 400 ಕಿಲೋಮೀಟರ್, ನಮ್ಮ ಬೆಂಗಳೂರಿಂದ ಹುಬ್ಬಳ್ಳಿಗೆ ಇರೋಷ್ಟು ದೂರ. ಆಗ ರೇಸ್ ಕುದುರೆಗಳು ಊರಿಂದ ಊರಿಗೆ ನಡೆದುಕೊಂಡೇ ಹೋಗ್ತಿದ್ದವು. ಇಷ್ಟು ದೂರಕ್ಕೆ ಸುಮಾರು ಎರಡು ವಾರ ಬೇಕು. ಆದರೆ ರೇಸಿಗೆ ಕೆಲವೇ ದಿನ ಉಳಿದಾಗಲೂ ಎಲಿಸ್ ಲಾಯದಲ್ಲೇ ಇತ್ತು! ಬಾಜಿ ಕಟ್ಟಿಸಿಕೊಳ್ಳೋರು ಲೆಕ್ಕ ಹಾಕಿದರು: ಇದು ಬರಲ್ಲ ಬಿಡಿ. ಎಲಿಸ್ ಗೆದ್ದರೆ ದುಪ್ಪಟ್ಟು ಅಲ್ಲ, ಅದರ ಎಷ್ಟೋ ಪಟ್ಟು ಕೊಡ್ತೀವಿ ಅಂದರು.

ಕುದುರೆಯ ಹಿಂದಿದ್ದ ಲಾರ್ಡ್ ಜಾರ್ಜ್ ಬೆಂಟಿಂಕ್ ಕಾಯ್ತಿದ್ದದ್ದು ಇದನ್ನೇ. ಅವನು ಒಂದು ಮುಚ್ಚಿದ ಗಾಡಿ ಮಾಡಿಸಿದ್ದ. ಕೆಳಗೆ ಸ್ಪ್ರಿಂಗ್, ಒಳಗೋಡೆಗೆಲ್ಲ ಮೆತ್ತೆ. ಎಲಿಸ್ ಜೊತೆಗೆ ಇನ್ನೊಂದು ಕುದುರೆಯನ್ನೂ ಹತ್ತಿಸಿದರು. ಮುಂದೆ ಬೇರೆ ಕುದುರೆಗಳನ್ನು ಕಟ್ಟಿ, ದಾರಿಯಲ್ಲಿ ಬದಲಾಯಿಸುತ್ತಾ ಎಳೆಸಿದರು. ನಡುವೆ ಲಿಚ್‌ಫೀಲ್ಡ್‌ನಲ್ಲಿ ಇಳಿಸಿ ಸ್ವಲ್ಪ ಓಡಿಸಿದರು, ಕಾಲು ಜಡ್ಡುಗಟ್ಟಬಾರದಲ್ವಾ? ಡಾನ್‌ಕಾಸ್ಟರ್‌ನಲ್ಲಿ ಎಲಿಸ್ ದಣಿವಿಲ್ಲದೆ ಇಳಿಯಿತು. ರೇಸನ್ನೂ ಗೆದ್ದಿತು.

ಇದೇ ಮೊದಲ ಪ್ರಯತ್ನ ಅಂತಲ್ಲ. 1816ರಲ್ಲೇ ಸಾವರಿನ್ ಅನ್ನೋ ಕುದುರೆಯನ್ನು ದನ ಸಾಗಿಸೋ ಗಾಡಿಯಲ್ಲಿ ನ್ಯೂಮಾರ್ಕೆಟ್‌ಗೆ ಒಯ್ದಿದ್ದರು. ಆದರೆ ಎಲ್ಲರ ಕಣ್ಣು ತೆರೆಸಿದ್ದು ಎಲಿಸ್.

ನನಗೆ ಈ ಕಥೆಯಲ್ಲಿ ಬಾಜಿಗಿಂತ ಆ ಮೆತ್ತೆ ಮುಖ್ಯ ಅನ್ನಿಸುತ್ತೆ. ಒಳಗಿರೋ ಜೀವಕ್ಕೆ ದಾರಿ ಕಾಣಲ್ಲ. ತಿರುವು ಯಾವಾಗ ಬರುತ್ತೆ, ಬ್ರೇಕ್ ಯಾವಾಗ ಬೀಳುತ್ತೆ ಗೊತ್ತಾಗಲ್ಲ. ಹಾಗಾಗಿ ಎಳೆಯೋನು ಅದರ ಪರವಾಗಿ ಮೊದಲೇ ಯೋಚಿಸಬೇಕು.

ಆಮೇಲೆ ಮೋಟಾರು ಬಂತು, ಕುದುರೆ ಪೆಟ್ಟಿಗೆ ಕಾರಿನ ಹಿಂದಿನ ಟ್ರೇಲರ್ ಆಯಿತು. ವೇಗದ ಜೊತೆ ಒಂದು ಹೊಸ ಅಪಾಯವೂ ಬಂತು: ಓಲಾಟ. ಹಿಂದಿನ ಪೆಟ್ಟಿಗೆ ಎಡಕ್ಕೆ ಬಲಕ್ಕೆ ಬೀಸತೊಡಗಿ, ಕೊನೆಗೆ ಕಾರನ್ನೇ ಎಳೆದು ತಿರುಗಿಸಿಬಿಡಬಹುದು. ಮುಚ್ಚಿದ ಟ್ರೇಲರ್‌ಗೆ ಎತ್ತರದ ಗೋಡೆ ಇರೋದ್ರಿಂದ ಅಡ್ಡಗಾಳಿ, ಪಕ್ಕದಲ್ಲಿ ಹಾದುಹೋಗೋ ಲಾರಿಯ ಗಾಳಿ ಕೂಡ ಅದನ್ನು ತಳ್ಳುತ್ತೆ.

ಓಲಾಟಕ್ಕೆ ದೊಡ್ಡ ಕಾರಣ ತೂಕ ಎಲ್ಲಿ ಕೂತಿದೆ ಅನ್ನೋದು. ನಮ್ಮಲ್ಲಿ ಎತ್ತಿನ ಗಾಡಿ ಹೇರೋರಿಗೆ ಇದು ಹೊಸದಲ್ಲ. ಮುಂಭಾರ ಆದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತೆ, ಹಿಂಭಾರ ಆದರೆ ನೊಗ ಮೇಲೇಳುತ್ತೆ. ಟ್ರೇಲರ್‌ನಲ್ಲೂ ಹಿಂಭಾರ ಬಹಳ ಕೆಟ್ಟದ್ದು. ಭಾರದ ಸಾಮಾನು ಅಚ್ಚಿನ ಮುಂದಕ್ಕೆ, ತಳದಲ್ಲಿ, ಎರಡೂ ಕಡೆ ಸಮವಾಗಿರಬೇಕು. ಅಮೆರಿಕದಲ್ಲಿ ಸಾಮಾನ್ಯ ಟ್ರೇಲರ್‌ಗೆ ಹೇಳೋ ಲೆಕ್ಕ, ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಅಂತ. ಅಂದ್ರೆ 1,000 ಕೆಜಿಯ ಟ್ರೇಲರ್ ಆದರೆ 100ರಿಂದ 150 ಕೆಜಿ. ಒಳಗಿನದ್ದನ್ನು ಬಿಗಿಯಾಗಿ ಕಟ್ಟಿ. ಬಾಗಿಲು ಮುಚ್ಚಿದ ಮೇಲೆ ಅದು ಜರುಗಿದ್ದು ನಿಮಗೆ ಕಾಣಲ್ಲ.

ಕುದುರೆ ಸಾಗಿಸೋರ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಬ್ರಿಟನ್ನಿನಲ್ಲಿ ಎರಡು ಕುದುರೆಯ ಟ್ರೇಲರ್‌ನಲ್ಲಿ ಒಂದೇ ಕುದುರೆ ಇದ್ದರೆ ಅದನ್ನು ಚಾಲಕನ ಕಡೆ, ಅಂದ್ರೆ ಬಲಕ್ಕೆ ನಿಲ್ಲಿಸ್ತಾರೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತೆ. ಎಡಕ್ಕೆ ನಿಲ್ಲಿಸಿದರೆ ತೂಕವೆಲ್ಲ ಆ ಇಳಿಜಾರಿನ ಕಡೆಗೇ ವಾಲುತ್ತೆ.

ಹೊರಡೋ ಮುಂಚೆ ಕೊಂಡಿ, ಟೈರಿನ ಗಾಳಿ, ಹಿಂದಿನ ಲೈಟು ನೋಡಿ. ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಡ್ಡ ಹಾಕಿ. ಕೊಂಡಿ ಕಳಚಿದರೂ ಟ್ರೇಲರ್‌ನ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ಮೇಲೆ ಕೂರುತ್ತೆ. ದಾರಿಯಲ್ಲಿ ಓಲಾಟ ಶುರುವಾದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ, ವೇಗ ಹೆಚ್ಚಿಸಿ ಸರಿಮಾಡ್ತೀನಿ ಅಂತಲೂ ಹೋಗಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ನಿಂತ ಮೇಲೆ ಬಾಗಿಲು ತೆಗೆದು ತೂಕ ಸರಿಮಾಡಿಕೊಳ್ಳಿ.

ಬೆಂಟಿಂಕ್ ಆ ಗಾಡಿ ಮಾಡಿಸಿದ್ದು ದುಡ್ಡಿಗಾಗಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ದುಡ್ಡು ಸಿಗಬೇಕಾದರೆ ಕುದುರೆಯ ನಾಲ್ಕೂ ಕಾಲು ನೆಟ್ಟಗಿರಬೇಕಿತ್ತು. ಹಾಗಾಗಿ ಅವನು ಮೊದಲು ಖರ್ಚು ಮಾಡಿದ್ದು ಮೆತ್ತೆಗೆ, ಸ್ಪ್ರಿಂಗಿಗೆ. ನೀವೂ ಯಾವತ್ತಾದ್ರೂ ಟ್ರೇಲರ್ ಎಳೆಯೋ ದಿನ ಬಂದರೆ, ಎಂಜಿನ್ ಎಷ್ಟು ಎಳೆಯುತ್ತೆ ಅಂತ ಕೇಳೋ ಮುಂಚೆ ಒಳಗಿರೋದು ಹೇಗೆ ನಿಂತಿದೆ ಅಂತ ಒಮ್ಮೆ ನೋಡಿ.