ಬನ್ನೇರುಘಟ್ಟ ಜೈವಿಕ ಉದ್ಯಾನ: ಸಫಾರಿ ವೀಕ್ಷಕರಿಗೆ ಮಾಹಿತಿ

ಬೆಂಗಳೂರಿನ ದಕ್ಷಿಣಕ್ಕಿರುವ ಬನ್ನೇರುಘಟ್ಟ ಜೈವಿಕ ಉದ್ಯಾನವು 2002ರಲ್ಲಿ ರಾಷ್ಟ್ರೀಯ ಉದ್ಯಾನದಿಂದ ಬೇರ್ಪಟ್ಟಿದ್ದು, ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಧೀನದಲ್ಲಿದೆ. ಮೃಗಾಲಯ, ಸಫಾರಿ, 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನ ಹಾಗೂ ಪ್ರಾಣಿ ಪುನರ್ವಸತಿ ಕೇಂದ್ರಗಳು ಇದರ ಅಂಗಗಳಾಗಿವೆ. ಮಂಗಳವಾರ ವಾರದ ರಜಾದಿನವಾಗಿರುತ್ತದೆ.

ಸಫಾರಿಯಲ್ಲಿ ಪ್ರಾಣಿಗಳು ಬಯಲಿನಲ್ಲಿರುತ್ತವೆ. ವೀಕ್ಷಕರು ವಾಹನದೊಳಗೆ ಇರತಕ್ಕದ್ದು. ಚಿರತೆ ಸಫಾರಿಯು 2024ರಲ್ಲಿ ಪ್ರಾರಂಭವಾಯಿತು. ಚಿರತೆಯು ಹುಲಿ, ಸಿಂಹಗಳಿಗಿಂತ ಹಗುರವಾದ ಪ್ರಾಣಿ. ಮರವೇರುವಂತೆಯೇ ವಾಹನದ ಕಿಟಕಿಯವರೆಗೂ ಸಲೀಸಾಗಿ ಏರಬಲ್ಲದು. 2025ರ ಆಗಸ್ಟ್ ತಿಂಗಳಲ್ಲಿ ಸಫಾರಿ ವಾಹನದಲ್ಲಿದ್ದ ಬಾಲಕನೊಬ್ಬನ ಕೈಗೆ ಚಿರತೆಯ ಉಗುರು ತಗುಲಿ ಗಾಯವಾದ ಘಟನೆಯನ್ನು ಪೋಷಕರು ಗಮನದಲ್ಲಿರಿಸಿಕೊಳ್ಳುವುದು. ಛಾಯಾಚಿತ್ರಕ್ಕಾಗಿ ಕೈಯನ್ನಾಗಲಿ, ಕ್ಯಾಮೆರಾ ಅಥವಾ ಮೊಬೈಲನ್ನಾಗಲಿ ಜಾಲರಿಯ ಸಂದಿನಲ್ಲಿ ಚಾಚಬಾರದು. ಮಕ್ಕಳನ್ನು ಕಿಟಕಿಯಿಂದ ದೂರ ಕುಳ್ಳಿರಿಸುವುದು ಲೇಸು. ಪ್ರಾಣಿಗಳನ್ನು ಕೆಣಕುವುದು ಹಾಗೂ ಮೃಗಾಲಯದ ಆವರಣದಲ್ಲಿ ಕಸ ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ.

ಪುನರ್ವಸತಿ ಕೇಂದ್ರವನ್ನು ತೋರಿಸಬೇಕೆಂದು ಕೆಲವರು ಕೋರುವುದುಂಟು. ಹುಲಿ, ಸಿಂಹ, ಕರಡಿ, ಚಿರತೆ, ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ಕೇಂದ್ರ ಸರ್ಕಾರವು 1998ರ ಅಧಿಸೂಚನೆಯ ಮೂಲಕ ನಿಷೇಧಿಸಿದ ತರುವಾಯ, ಸರ್ಕಸ್ ಕಂಪನಿಗಳಿಂದ ಬಿಡಿಸಿ ತಂದ ಹುಲಿ, ಸಿಂಹಗಳಿಗೆ ಇಲ್ಲಿ ಆಶ್ರಯ ನೀಡಲಾಯಿತು. ಜನರೆದುರು ಆಡಿಸಲ್ಪಟ್ಟ ಪ್ರಾಣಿಗಳನ್ನು ಮತ್ತೆ ಜನರ ಮುಂದೆ ನಿಲ್ಲಿಸುವುದು ಉಚಿತವಲ್ಲವಾದ್ದರಿಂದ ಪುನರ್ವಸತಿ ಕೇಂದ್ರವು ಸಾರ್ವಜನಿಕ ವೀಕ್ಷಣೆಗೆ ಇರುವುದಿಲ್ಲ.

ಆಸಕ್ತರು ನಿಗದಿತ ಶುಲ್ಕ ಪಾವತಿಸಿ ಮೃಗಾಲಯದ ಪ್ರಾಣಿಗಳನ್ನು ದತ್ತು ಪಡೆಯಬಹುದು. ಈ ಮೊತ್ತವು ಪ್ರಾಣಿಯ ಆಹಾರ ಮತ್ತು ಪಾಲನೆಗೆ ವಿನಿಯೋಗವಾಗುತ್ತದೆ. ದತ್ತು ಎಂದರೆ ಪೋಷಣೆಯ ವೆಚ್ಚ ಭರಿಸುವುದೇ ಹೊರತು ಪ್ರಾಣಿಯನ್ನು ಮನೆಗೆ ಕೊಂಡೊಯ್ಯುವುದಲ್ಲ.